ಅಲಬಾಮಾದ ಒಬ್ಬ ನ್ಯಾಯಾಧೀಶ: ಫ್ರಾಂಕ್ ಜಾನ್ಸನ್ ಕೊಟ್ಟ ತೀರ್ಪುಗಳು

ಕೋರ್ಟಿನ ಮಾತು ಬಂದಾಗ ನಮ್ಮ ಗಮನ ಸೀದಾ ಸುಪ್ರೀಂ ಕೋರ್ಟಿನ ಕಡೆ ಹೋಗುತ್ತದೆ. ಅಲ್ಲಿ ಏನಾಯ್ತು, ಎಷ್ಟು ಜನರ ಪೀಠ, ಯಾರು ಏನಂದರು ಅಂತ ಪತ್ರಿಕೆಯಲ್ಲಿ ಹುಡುಕುತ್ತೇವೆ. ಆದರೆ ಸಾಮಾನ್ಯ ಮನುಷ್ಯನೊಬ್ಬ ಮೊದಲು ಮೆಟ್ಟಿಲು ಹತ್ತುವುದು, ಸಾಕ್ಷಿ ಹೇಳುವುದು, ಕಾಗದ ತೋರಿಸುವುದು ಕೆಳಗಿನ ಕೋರ್ಟಿನಲ್ಲಿ. ಅಲ್ಲಿ ಕೂತ ನ್ಯಾಯಾಧೀಶರು ಆ ಸಾಕ್ಷಿಯನ್ನು ಕಿವಿಗೊಟ್ಟು ಕೇಳಿದರೋ ಇಲ್ಲವೋ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಅಂಥ ಕೆಳಗಿನ ಕೋರ್ಟಿನಲ್ಲೇ 24 ವರ್ಷ ಕೂತು, ತನ್ನ ರಾಜ್ಯದ ಮುಖವನ್ನೇ ಬದಲಿಸಿದ ಅಮೆರಿಕದ ಒಬ್ಬ ನ್ಯಾಯಾಧೀಶರ ಬಗ್ಗೆ ಇಲ್ಲಿ ಹೇಳಬೇಕೆಂದಿದ್ದೇನೆ. ಹೆಸರು ಫ್ರಾಂಕ್ ಮಿನಿಸ್ ಜಾನ್ಸನ್.

ನಮ್ಮ ಓದುಗರಿಗೆ ಈತ ಯಾಕೆ ಬೇಕು? ಕಾರಣ ಸರಳ. ಬಹುಸಂಖ್ಯಾತರಲ್ಲೇ ಹುಟ್ಟಿ, ಅವರ ನಡುವೆಯೇ ಬಾಳಿ, ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆ ಬಂದಾಗ ಕಾನೂನು ಹೇಳಿದ್ದನ್ನು ಮಾತ್ರ ಬರೆದ ಮನುಷ್ಯ ಇವರು. ತನ್ನವರ ವಿರುದ್ಧವಾದರೂ ಸರಿ, ಇನ್ಸಾಫ್ ಕೊಡಬೇಕು ಅನ್ನುವ ಮಾತನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಹಾಗೆ ಮಾಡಿದರೆ ಎಷ್ಟು ಬೆಲೆ ತೆರಬೇಕಾಗುತ್ತದೆ ಅನ್ನುವುದೂ ಇವರ ಬದುಕಿನಲ್ಲಿ ಕಾಣುತ್ತದೆ.

ಮೊದಲು ಅಲ್ಲಿನ ವ್ಯವಸ್ಥೆ ತಿಳಿಯೋಣ

ನಮ್ಮ ದೇಶದಲ್ಲಿ ಕೋರ್ಟುಗಳದ್ದು ಒಂದೇ ಏಣಿ. ತಾಲ್ಲೂಕಿನ ಕೋರ್ಟು, ಜಿಲ್ಲಾ ಕೋರ್ಟು, ಹೈಕೋರ್ಟು, ಕೊನೆಗೆ ಸುಪ್ರೀಂ ಕೋರ್ಟು. ಅಮೆರಿಕದಲ್ಲಿ ಎರಡು ಏಣಿಗಳಿವೆ. ರಾಜ್ಯದ ಕಾನೂನಿಗೆ ರಾಜ್ಯದ ಕೋರ್ಟುಗಳು. ಇಡೀ ದೇಶದ ಕಾನೂನಿಗೆ, ಸಂವಿಧಾನದ ಪ್ರಶ್ನೆಗಳಿಗೆ ಫೆಡರಲ್ ಕೋರ್ಟುಗಳು. ಫೆಡರಲ್ ಏಣಿಯ ಮೊದಲ ಮೆಟ್ಟಿಲೇ ಜಿಲ್ಲಾ ನ್ಯಾಯಾಲಯ. ಅಂಥವು ಈಗ 94 ಇವೆ. ಸಾಕ್ಷಿ ವಿಚಾರಣೆ ನಡೆಯುವುದು ಅಲ್ಲೇ.

ಆ ನ್ಯಾಯಾಧೀಶರನ್ನು ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ಜೀವನಪೂರ್ತಿ ಹುದ್ದೆ. ಸಂಬಳ ಕಡಿತ ಮಾಡುವ ಹಾಗಿಲ್ಲ. ಚುನಾವಣೆಗೆ ನಿಲ್ಲಬೇಕಿಲ್ಲ. ರಾಜ್ಯದ ಗವರ್ನರ್ ಎಷ್ಟೇ ಸಿಟ್ಟಾದರೂ ಅವರನ್ನು ಎತ್ತಂಗಡಿ ಮಾಡಲಾರ. ಜಾನ್ಸನ್ ಕತೆಯಲ್ಲಿ ಈ ಭದ್ರತೆ ಬಹಳ ಮುಖ್ಯ. ಆದರೆ ಇದೇ ಭದ್ರತೆ ಇದ್ದ ಬೇರೆ ಎಷ್ಟೋ ನ್ಯಾಯಾಧೀಶರು ಅದೇ ಕಾಲದಲ್ಲಿ ಸುಮ್ಮನೆ ಕೂತರು, ಕೇಸುಗಳನ್ನು ವರ್ಷಗಟ್ಟಲೆ ಎಳೆದರು. ಕುರ್ಚಿ ಗಟ್ಟಿ ಇದ್ದರೆ ಸಾಲದು, ಕೂತವರೂ ಗಟ್ಟಿ ಇರಬೇಕು ನೋಡಿ.

ಹುಟ್ಟು, ಓದು, ಯುದ್ಧ

ಜಾನ್ಸನ್ ಹುಟ್ಟಿದ್ದು 1918ರ ಅಕ್ಟೋಬರ್ 30ರಂದು, ಅಲಬಾಮಾ ರಾಜ್ಯದ ಉತ್ತರದ ವಿನ್‌ಸ್ಟನ್ ಕೌಂಟಿಯಲ್ಲಿ. ಗುಡ್ಡಗಾಡಿನ ಬಡ ರೈತರ ಪ್ರದೇಶ ಅದು. 1861ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋದಾಗ ಈ ಕೌಂಟಿಯ ಜನ ಅದನ್ನು ವಿರೋಧಿಸಿದ್ದರು. ಇಡೀ ರಾಜ್ಯ ಒಂದು ದಿಕ್ಕಿಗೆ ಹೋದರೂ ನಾವು ನಮ್ಮ ದಾರಿಯಲ್ಲಿ ಅನ್ನುವ ಹಟ ಆ ಮಣ್ಣಿನಲ್ಲೇ ಇತ್ತು.

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1943ರಲ್ಲಿ ಮುಗಿಸಿದರು. ಅಲ್ಲಿ ಅವರ ಸಹಪಾಠಿ ಜಾರ್ಜ್ ವಾಲೇಸ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಹೋಗಿ ನಾರ್ಮಂಡಿಯ ಕಾಳಗದಲ್ಲಿ ಗಾಯಗೊಂಡರು. ವಾಪಸ್ ಬಂದು ವಕೀಲಿ ಮಾಡಿದರು. 1953ರಲ್ಲಿ ಉತ್ತರ ಅಲಬಾಮಾದ ಫೆಡರಲ್ ಸರ್ಕಾರಿ ವಕೀಲರಾದರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಮಾಂಟ್‌ಗೊಮೆರಿ ನಗರದ ಫೆಡರಲ್ ಜಿಲ್ಲಾ ನ್ಯಾಯಾಧೀಶರನ್ನಾಗಿ ನೇಮಿಸಿದರು. ಆಗ ವಯಸ್ಸು ಇನ್ನೂ 37 ತುಂಬಿರಲಿಲ್ಲ.

ಬಸ್ಸಿನ ಸೀಟಿನ ಕೇಸು

ಅವರು ಕುರ್ಚಿಯಲ್ಲಿ ಕೂತ ಕೆಲವೇ ವಾರಗಳಲ್ಲಿ, 1955ರ ಡಿಸೆಂಬರ್ 1ರಂದು, ಅದೇ ಊರಿನಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದರು. ಬಸ್ ಬಹಿಷ್ಕಾರ ಶುರುವಾಗಿ 381 ದಿನ ನಡೆಯಿತು. ಈ ಕತೆ ನಿಮಗೆ ಗೊತ್ತೇ ಇದೆ. ಆದರೆ ಬಸ್ಸಿನ ಪ್ರತ್ಯೇಕತೆಯನ್ನು ಕಾನೂನಿನಲ್ಲಿ ಮುರಿದದ್ದು ರೋಸಾ ಪಾರ್ಕ್ಸ್ ಹೆಸರಿನ ಕೇಸಲ್ಲ. ಅದು ಬ್ರೌಡರ್ ವಿರುದ್ಧ ಗೇಲ್ ಎಂಬ ಬೇರೆ ದಾವೆ. ಇದೇ ರೀತಿ ಬಸ್ಸಿನಲ್ಲಿ ಅವಮಾನ ಅನುಭವಿಸಿದ ನಾಲ್ವರು ಹೆಂಗಸರು ಅದರ ಅರ್ಜಿದಾರರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಕ್ಲಾಡೆಟ್ ಕಾಲ್ವಿನ್. ಕಾಲ್ವಿನ್‌ಳನ್ನು ಪೊಲೀಸರು ಬಸ್ಸಿನಿಂದ ಎಳೆದು ಇಳಿಸಿದಾಗ ಆಕೆಗೆ 15 ವರ್ಷ. ಇವರ ವಕೀಲ ಫ್ರೆಡ್ ಗ್ರೇ ಕೂಡ ಆಗಿನ್ನೂ ಇಪ್ಪತ್ತರ ಹರೆಯದವರು.

ರಾಜ್ಯದ ಕಾನೂನನ್ನೇ ಪ್ರಶ್ನಿಸಿದ್ದರಿಂದ ಮೂವರು ನ್ಯಾಯಾಧೀಶರ ಪೀಠ ಕೂತಿತು. ಅದರಲ್ಲಿ ಜಾನ್ಸನ್ ಅತಿ ಕಿರಿಯರು. 1956ರ ಜೂನ್ 5ರಂದು ಜಾನ್ಸನ್ ಮತ್ತು ಹಿರಿಯ ನ್ಯಾಯಾಧೀಶ ರಿಚರ್ಡ್ ರೈವ್ಸ್ ಒಟ್ಟಾಗಿ, ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದರು. ಮೂರನೆಯವರು ಒಪ್ಪಲಿಲ್ಲ. ಸುಪ್ರೀಂ ಕೋರ್ಟು ಅದೇ ವರ್ಷ ನವೆಂಬರ್ 13ರಂದು ಈ ತೀರ್ಪನ್ನು ಎತ್ತಿಹಿಡಿಯಿತು. ಡಿಸೆಂಬರ್ 21ರಿಂದ ಕಪ್ಪು ಜನ ಮುಂದಿನ ಸೀಟಿನಲ್ಲಿ ಕೂತರು.

ಆಧಾರ ಯಾವುದು? 1868ರಲ್ಲಿ ಸಂವಿಧಾನಕ್ಕೆ ಸೇರಿದ 14ನೇ ತಿದ್ದುಪಡಿ. ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು ಅನ್ನುವುದು ಅದರ ಸಾರ. ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಇದೇ ಮಾತಿದೆ. ಅಂಕೆ ಒಂದೇ ಆದದ್ದು ಕಾಕತಾಳೀಯ, ಆದರೆ ಸಮಾನ ರಕ್ಷಣೆ ಎಂಬ ಮಾತು ನಮ್ಮ ಸಂವಿಧಾನಕ್ಕೆ ಬಂದದ್ದು ಆ ತಿದ್ದುಪಡಿಯಿಂದಲೇ. ಅಂದರೆ ಕಾಗದದ ಮೇಲೆ ಆ ಸಮಾನತೆ ಇದ್ದೇ ಇತ್ತು, 88 ವರ್ಷ. ಅದನ್ನು ಮಾಂಟ್‌ಗೊಮೆರಿಯ ಬಸ್ಸಿನೊಳಗೆ ತರಲು ನಾಲ್ವರು ಹೆಂಗಸರ ಗವಾಹಿ ಬೇಕಾಯಿತು, ಅದನ್ನು ನಂಬುವ ಇಬ್ಬರು ನ್ಯಾಯಾಧೀಶರು ಬೇಕಾದರು.

ಮತದಾರರ ಪಟ್ಟಿ

ಆಗಿನ ಅಲಬಾಮಾದಲ್ಲಿ ಕಪ್ಪು ಜನರಿಗೆ ವೋಟಿನ ಹಕ್ಕಿಲ್ಲ ಅಂತ ಯಾವ ಕಾನೂನೂ ಹೇಳುತ್ತಿರಲಿಲ್ಲ. ಹೆಸರು ನೋಂದಾಯಿಸಲು ಅರ್ಜಿ ತುಂಬಬೇಕು, ಓದು ಬರಹದ ಪರೀಕ್ಷೆ ಕೊಡಬೇಕು, ಅಷ್ಟೇ. ಆದರೆ ಆ ಪರೀಕ್ಷೆ ಇಬ್ಬರಿಗೆ ಎರಡು ಥರ. ಬಿಳಿಯರಿಗೆ ಗುಮಾಸ್ತನೇ ಸಹಾಯ ಮಾಡುತ್ತಿದ್ದ. ಕಪ್ಪು ಅರ್ಜಿದಾರರು ಒಂದು ಸಣ್ಣ ತಪ್ಪು ಮಾಡಿದರೂ ಅರ್ಜಿ ತಿರಸ್ಕೃತ. ಟಸ್ಕೀಗಿ ಊರಿನಲ್ಲಿ ಕಪ್ಪು ಜನರ ಪ್ರಸಿದ್ಧ ಕಾಲೇಜಿತ್ತು. ಅಲ್ಲಿ ಪಾಠ ಹೇಳುವ ಪದವೀಧರ ಶಿಕ್ಷಕರೇ ಓದು ಬರಹದ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದರು ಅಂದರೆ ಪರೀಕ್ಷೆ ಎಂಥದ್ದಿರಬೇಕು, ಯೋಚಿಸಿ! ಶಾಲೆಯಲ್ಲಿ ಪಾಠ ಮಾಡುವ ನನ್ನಂಥವರಿಗೆ ಇದು ಓದಿ ಮರೆಯುವ ಸಂಗತಿಯಲ್ಲ.

ಜಾನ್ಸನ್ ಇಲ್ಲಿ ಒಂದು ಜಾಣ ದಾರಿ ಹಿಡಿದರು. ಪರೀಕ್ಷೆ ಕೆಟ್ಟದ್ದು ಅಂತ ಭಾಷಣ ಮಾಡಲಿಲ್ಲ. ಹಳೆಯ ಅರ್ಜಿಗಳನ್ನು ತರಿಸಿ ನೋಡಿದರು. ಯಾವ ಬಿಳಿಯರ ಅರ್ಜಿಗಳು ಪಾಸಾಗಿವೆ, ಅವುಗಳಲ್ಲಿ ಎಷ್ಟು ತಪ್ಪುಗಳಿವೆ? ಆಮೇಲೆ ಆದೇಶಿಸಿದರು: ಅತಿ ಕಡಿಮೆ ಅರ್ಹತೆಯ ಬಿಳಿಯನನ್ನು ಯಾವ ಅಳತೆಯಲ್ಲಿ ಪಾಸು ಮಾಡಿದ್ದೀರೋ, ಕಪ್ಪು ಅರ್ಜಿದಾರರಿಗೂ ಅದೇ ಅಳತೆ. 1961 ಮತ್ತು 1962ರ ಆದೇಶಗಳಲ್ಲಿ ಅವರು ಅರ್ಹರ ಹೆಸರುಗಳನ್ನು ಪಟ್ಟಿಗೆ ಸೇರಿಸುವಂತೆ ನೇರವಾಗಿಯೇ ಹೇಳಿದರು. 1965ರಲ್ಲಿ ಮತದಾನ ಹಕ್ಕು ಕಾಯ್ದೆ ಬರುವ ಮೊದಲೇ ಆದ ಕೆಲಸ ಇದು.

ಇದೇ ಕಾಲದ್ದು ಕ್ಷೇತ್ರ ವಿಂಗಡಣೆಯ ಕೇಸು. 1901ರ ನಂತರ ಅಲಬಾಮಾದ ಶಾಸಕಾಂಗ ತನ್ನ ಕ್ಷೇತ್ರಗಳನ್ನು ಜನಸಂಖ್ಯೆಗೆ ಸರಿಯಾಗಿ ಮತ್ತೆ ಹಂಚಿಯೇ ಇರಲಿಲ್ಲ. ಊರುಗಳು ಬೆಳೆದವು, ಸೀಟುಗಳು ಮಾತ್ರ ಹಳ್ಳಿಯ ಜಮೀನ್ದಾರರ ಕೈಯಲ್ಲೇ ಉಳಿದವು. 1962ರಲ್ಲಿ ಜಾನ್ಸನ್ ಇದ್ದ ಪೀಠ ಹೊಸ ಹಂಚಿಕೆಗೆ ಆದೇಶ ಕೊಟ್ಟಿತು. ಆ ಕೇಸೇ ಮೇಲೆ ಹೋಗಿ 1964ರಲ್ಲಿ ಸುಪ್ರೀಂ ಕೋರ್ಟಿನ ಹೆಸರಾಂತ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ತೀರ್ಪಾಯಿತು.

ಸಹಪಾಠಿಯ ಜೊತೆ ಜಟಾಪಟಿ

ಈಗ ವಾಲೇಸ್ ಕತೆಗೆ ಬರೋಣ. 1958ರ ಕೊನೆಗೆ ಆತ ರಾಜ್ಯದ ಒಂದು ಕೋರ್ಟಿನ ನ್ಯಾಯಾಧೀಶ. ಫೆಡರಲ್ ನಾಗರಿಕ ಹಕ್ಕುಗಳ ಆಯೋಗ ಮತದಾರರ ದಾಖಲೆ ಕೇಳಿದಾಗ ಕೊಡುವುದಿಲ್ಲ ಎಂದ. ಜಾನ್ಸನ್ ಕೊಡಲೇಬೇಕು ಎಂದು ಆದೇಶಿಸಿದರು. ವಾಲೇಸ್ ಏನು ಮಾಡಿದ ಗೊತ್ತೇ? ಜನರ ಮುಂದೆ ಕೊಡಲ್ಲ ಅಂತ ಗುಡುಗಿದ, ಆದರೆ ದಾಖಲೆಗಳನ್ನು ಗ್ರ್ಯಾಂಡ್ ಜ್ಯೂರಿಯ ಕೈಗೆ ದಾಟಿಸಿ ಅವರ ಮೂಲಕ ಆಯೋಗಕ್ಕೆ ಸಿಗುವಂತೆ ನೋಡಿಕೊಂಡ. ನ್ಯಾಯಾಲಯ ನಿಂದನೆಗೆ ಜೈಲಿಗೆ ಹೋದರೆ ಹೀರೋ ಆಗುತ್ತೇನೆ ಅನ್ನುವ ಲೆಕ್ಕ. 1959ರ ಜನವರಿಯಲ್ಲಿ ಜಾನ್ಸನ್ ಆ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಈತ ಸುತ್ತುದಾರಿಯಲ್ಲಿ ದಾಖಲೆ ಕೊಟ್ಟಿದ್ದಾನೆ, ಆದ್ದರಿಂದ ನಿಂದನೆ ಆಗಿಲ್ಲ ಎಂದು ಬಿಡುಗಡೆ ಮಾಡಿಬಿಟ್ಟರು. ಶಿಕ್ಷೆಗಿಂತ ಇದೇ ಹೆಚ್ಚು ಉರಿಯಿತು. 1963ರಲ್ಲಿ ವಾಲೇಸ್ ಗವರ್ನರ್ ಆದ. ಮುಂದಿನ ವರ್ಷಗಳಲ್ಲಿ ಶಾಲೆ, ಮೆರವಣಿಗೆ, ಆಸ್ಪತ್ರೆ, ಜೈಲು ಯಾವ ಕೇಸು ಬಂದರೂ ಒಂದು ಕಡೆ ಆತನ ಸರ್ಕಾರ, ಇನ್ನೊಂದು ಕಡೆ ಈ ಹಳೆಯ ಸಹಪಾಠಿ.

ಸೆಲ್ಮಾದ ದಾರಿ

1965ರ ಮಾರ್ಚ್ 7ರಂದು ಸೆಲ್ಮಾ ಊರಿನ ಸೇತುವೆಯ ಮೇಲೆ, ವೋಟಿನ ಹಕ್ಕಿಗಾಗಿ ನಡೆದು ಹೊರಟ ಜನರ ಮೇಲೆ ಪೊಲೀಸರು ಲಾಠಿ, ಅಶ್ರುವಾಯು ಪ್ರಯೋಗಿಸಿದರು. ಜನ ಜಾನ್ಸನ್ ಕೋರ್ಟಿಗೆ ಹೋದರು. ಅವರು ತಕ್ಷಣ ಅನುಮತಿ ಕೊಡಲಿಲ್ಲ. ವಿಚಾರಣೆ ಮುಗಿಯುವ ತನಕ ಯಾರೂ ಮೆರವಣಿಗೆ ಮಾಡಬಾರದು ಎಂದರು. ಮಾರ್ಟಿನ್ ಲೂಥರ್ ಕಿಂಗ್ ಮಾರ್ಚ್ 9ರಂದು ಸೇತುವೆ ದಾಟಿ ವಾಪಸ್ ತಿರುಗಿದ್ದರ ಹಿಂದೆ ಈ ತಡೆಯಾಜ್ಞೆಯೂ ಇತ್ತು.

ಆಮೇಲೆ ಸಾಕ್ಷಿ ಕೇಳಿದರು. ಹೊಡೆತದ ಚಲನಚಿತ್ರವನ್ನು ಕೋರ್ಟಿನಲ್ಲೇ ನೋಡಿದರು. ಮೆರವಣಿಗೆ ಹೇಗೆ ನಡೆಸುತ್ತೀರಿ ಎಂದು ಯೋಜನೆ ಕೇಳಿ ತರಿಸಿಕೊಂಡರು. ಮಾರ್ಚ್ 17ರಂದು ತೀರ್ಪು ಬಂತು: ನಡೆಯಬಹುದು, ರಾಜ್ಯ ಅವರಿಗೆ ರಕ್ಷಣೆ ಕೊಡಬೇಕು. ಹೆದ್ದಾರಿಯಲ್ಲಿ ಇಷ್ಟೊಂದು ಜನ ನಡೆದರೆ ವಾಹನಗಳಿಗೆ ಅಡ್ಡಿಯಲ್ಲವೇ ಅನ್ನುವುದು ರಾಜ್ಯದ ವಾದ. ಅದಕ್ಕೆ ಜಾನ್ಸನ್ ಕೊಟ್ಟ ಉತ್ತರದ ತಾತ್ಪರ್ಯ ಇದು: ಅನ್ಯಾಯ ಎಷ್ಟು ದೊಡ್ಡದೋ, ಅದನ್ನು ಪ್ರತಿಭಟಿಸುವ ಹಕ್ಕೂ ಅಷ್ಟೇ ದೊಡ್ಡದಿರಬೇಕು. ಜೊತೆಗೆ ರಸ್ತೆ ಕಿರಿದಾದ ಕಡೆ 300 ಜನಕ್ಕಿಂತ ಹೆಚ್ಚು ನಡೆಯಬಾರದು ಎಂಬ ಮಿತಿಯನ್ನೂ ಹಾಕಿದರು. ವಾಲೇಸ್ ರಕ್ಷಣೆ ಕೊಡಲಾಗದು ಎಂದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಸೈನಿಕರನ್ನು ಕಳಿಸಿದರು. ಮಾರ್ಚ್ 25ರಂದು ಮಾಂಟ್‌ಗೊಮೆರಿ ತಲುಪುವಾಗ ಸುಮಾರು 25,000 ಜನ ಸೇರಿದ್ದರು.

ಅದೇ ರಾತ್ರಿ ವಯೋಲಾ ಲಿಯುಝೊ ಎಂಬ ಬಿಳಿಯ ಮಹಿಳೆಯನ್ನು, ಮೆರವಣಿಗೆಯವರನ್ನು ಕಾರಿನಲ್ಲಿ ಸಾಗಿಸುತ್ತಿದ್ದಳು ಎಂದು ಕ್ಲಾನ್ ಸಂಘಟನೆಯವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಕೊಲೆ ಆರೋಪ ನಿಲ್ಲಲಿಲ್ಲ. ಆಗ ಇನ್ನೊಂದು ಏಣಿ ಕೆಲಸಕ್ಕೆ ಬಂತು. ನಾಗರಿಕ ಹಕ್ಕಿನ ವಿರುದ್ಧ ಸಂಚು ಎಂಬ ಹಳೆಯ ಫೆಡರಲ್ ಕಾನೂನಿನಡಿ ಮೂವರ ಮೇಲೆ ಜಾನ್ಸನ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಜ್ಯೂರಿ ಒಮ್ಮತಕ್ಕೆ ಬರಲಾಗುತ್ತಿಲ್ಲ ಎಂದಾಗ ಮತ್ತೆ ಯೋಚಿಸಿ ಎಂದು ಕಳಿಸಿದರು. 1965ರ ಡಿಸೆಂಬರ್ 3ರಂದು ಎಲ್ಲರೂ ಬಿಳಿಯರೇ ಇದ್ದ ಜ್ಯೂರಿ ಮೂವರೂ ತಪ್ಪಿತಸ್ಥರು ಎಂದಿತು. ಜಾನ್ಸನ್ ಆ ಕಾನೂನಿನಲ್ಲಿದ್ದ ಗರಿಷ್ಠ ಶಿಕ್ಷೆ, ತಲಾ 10 ವರ್ಷ, ವಿಧಿಸಿದರು.

ಶಾಲೆಗಳು, ಹೆಂಗಸರು

1967ರ ಮಾರ್ಚ್‌ನಲ್ಲಿ ಅವರಿದ್ದ ಪೀಠ, ಆಗಲೇ ಬೇರೆ ಆದೇಶಗಳಡಿ ಇರದ ಅಲಬಾಮಾದ 99 ಶಾಲಾ ಆಡಳಿತಗಳಿಗೆ ಒಟ್ಟಿಗೇ ಪ್ರತ್ಯೇಕ ಶಾಲೆ ಪದ್ಧತಿ ಬಿಡಿ ಎಂದು ಹೇಳಿತು. ಇಡೀ ರಾಜ್ಯಕ್ಕೆ ಒಂದೇ ಏಟಿಗೆ ಬಂದ ಇಂಥ ಆದೇಶ ಇದೇ ಮೊದಲು. ಮುಂದಿನ ತಿಂಗಳು ಅವರ ತಾಯಿಯ ಮನೆಗೆ ಬಾಂಬ್ ಬಿತ್ತು. ತಾಯಿ ಬೇರೆ ಕೋಣೆಯಲ್ಲಿದ್ದು ಬದುಕಿಕೊಂಡರು. ಇದಕ್ಕೂ ಮೊದಲೇ ಅವರ ಮನೆಯಂಗಳದಲ್ಲಿ ಶಿಲುಬೆ ಸುಟ್ಟಿದ್ದರು. ವರ್ಷಗಟ್ಟಲೆ ಪಹರೆಯಲ್ಲಿ ಬಾಳಬೇಕಾಯಿತು. ಪರಿಚಯದ ಜನ ಮಾತು ಬಿಟ್ಟರು. ತೀರ್ಪಿನ ಬೆಲೆ ಅಂದೆನಲ್ಲ, ಅದು ಇದು.

ಕಪ್ಪು ಜನರ ಕೇಸುಗಳಲ್ಲಷ್ಟೇ ಅಲ್ಲ. 1966ರಲ್ಲಿ ಅವರ ಪೀಠ ಹೆಂಗಸರನ್ನು ಜ್ಯೂರಿಯಿಂದ ಹೊರಗಿಡುವ ಅಲಬಾಮಾದ ಕಾನೂನು ಸಮಾನತೆಗೆ ವಿರುದ್ಧ ಎಂದಿತು. 1972ರಲ್ಲಿ ವಾಯುಪಡೆಯ ಅಧಿಕಾರಿ ಶರಾನ್ ಫ್ರಾಂಟಿಯೆರೊ, ಗಂಡಸು ಅಧಿಕಾರಿಯ ಹೆಂಡತಿಗೆ ಸಿಗುವ ಸೌಲಭ್ಯ ನನ್ನ ಗಂಡನಿಗೂ ಸಿಗಲಿ ಎಂದು ಕೇಳಿದಾಗ ಪೀಠದ ಇಬ್ಬರು ಇಲ್ಲ ಎಂದರು, ಜಾನ್ಸನ್ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಸುಪ್ರೀಂ ಕೋರ್ಟು ಫ್ರಾಂಟಿಯೆರೊ ಪರವಾಗಿಯೇ ತೀರ್ಪು ಕೊಟ್ಟಿತು.

ಆಸ್ಪತ್ರೆ ಮತ್ತು ಜೈಲು

ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಯಾರ ವೋಟೂ ಇಲ್ಲದ, ಯಾರೂ ಮೆರವಣಿಗೆ ಮಾಡದ ಜನರದ್ದು. ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯಲ್ಲಿ 5,000ಕ್ಕೂ ಹೆಚ್ಚು ರೋಗಿಗಳು. 1970ರಲ್ಲಿ ಹಣ ಸಾಲದೆಂದು ನೌಕರರನ್ನು ತೆಗೆದಾಗ, ರಿಕಿ ವ್ಯಾಟ್ ಎಂಬ 15 ವರ್ಷದ ಹುಡುಗನ ಹೆಸರಿನಲ್ಲಿ ಕೇಸು ಬಂತು. ಆತನ ಸೋದರತ್ತೆಯೋ ಚಿಕ್ಕಮ್ಮನೋ ಆಗಿದ್ದ ಬಂಧು ಒಬ್ಬರು ಅದೇ ಆಸ್ಪತ್ರೆಯ ನೌಕರರು. ಹುಡುಗನಿಗೆ ಮಾನಸಿಕ ಕಾಯಿಲೆಯೇ ಇರಲಿಲ್ಲ, ತುಂಟನೆಂದು ಸೇರಿಸಿದ್ದರು.

ಜಾನ್ಸನ್ ಕೇಳಿದ ಪ್ರಶ್ನೆ ಮಗುವಿಗೂ ಅರ್ಥವಾಗುವಂಥದ್ದು. ಚಿಕಿತ್ಸೆ ಕೊಡುತ್ತೇವೆ ಎಂದು ಒಬ್ಬರ ಸ್ವಾತಂತ್ರ್ಯ ಕಿತ್ತುಕೊಂಡಿದ್ದೀರಿ. ಚಿಕಿತ್ಸೆಯನ್ನೇ ಕೊಡದಿದ್ದರೆ ಕೂಡಿಹಾಕಲು ನಿಮಗೆ ಯಾವ ಹಕ್ಕು? 1971ರಲ್ಲಿ ಚಿಕಿತ್ಸೆ ಪಡೆಯುವುದು ಸಂವಿಧಾನದ ಹಕ್ಕು ಎಂದರು. 1972ರಲ್ಲಿ ಎಷ್ಟು ರೋಗಿಗೆ ಎಷ್ಟು ಸಿಬ್ಬಂದಿ, ಎಷ್ಟು ಜಾಗ, ಎಂಥ ಊಟ, ಪ್ರತಿ ರೋಗಿಗೂ ಪ್ರತ್ಯೇಕ ಚಿಕಿತ್ಸಾ ಯೋಜನೆ, ಎಲ್ಲವನ್ನೂ ಬರೆದು ಕೊಟ್ಟರು. ಹಣವಿಲ್ಲ ಅನ್ನುವ ರಾಜ್ಯದ ನೆಪ ಒಪ್ಪಲಿಲ್ಲ. ಈ ಕೇಸು ಪೂರ್ತಿ ಮುಗಿದದ್ದು 2003ರಲ್ಲಿ.

1976ರ ಜನವರಿಯಲ್ಲಿ ಜೈಲುಗಳ ಸರದಿ. ನಾಲ್ಕಡಿ ಅಗಲ ಎಂಟಡಿ ಉದ್ದದ ಕತ್ತಲೆ ಕೋಣೆಯಲ್ಲಿ ಆರು ಜನರವರೆಗೆ ತುಂಬಿದ್ದರು. ಹಾಸಿಗೆಯಿಲ್ಲ, ನೀರಿಲ್ಲ, ಶೌಚಕ್ಕೆ ನೆಲದಲ್ಲೊಂದು ತೂತು. ಕೈದಿಯಾದರೂ ಮನುಷ್ಯ, ಇದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆ ಎಂದು ಹೇಳಿ ಜೈಲುಗಳಿಗೂ ಕನಿಷ್ಠ ಮಾನದಂಡ ಹಾಕಿದರು.

ಇದನ್ನು ಓದುವಾಗ ನಮಗೆ ಎರ್ವಾಡಿ ನೆನಪಾಗದೆ ಇರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ದರ್ಗಾ ಊರಿನ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ಮಾನಸಿಕ ರೋಗಿಗಳು ಓಡಲಾರದೆ ಸತ್ತರು. 25ಕ್ಕೂ ಹೆಚ್ಚು ಜನ. ನಮ್ಮ ಸುಪ್ರೀಂ ಕೋರ್ಟು ತಾನಾಗಿಯೇ ಕೇಸು ತೆಗೆದುಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಕಟ್ಟುವುದನ್ನು ನಿಷೇಧಿಸಿದೆ. ದುವಾ ಮಾಡಿಸಲು ಕರೆದೊಯ್ದವರನ್ನು ಬಿಟ್ಟು ಬರುವ ಪದ್ಧತಿಯ ಬಗ್ಗೆ ನಮ್ಮ ಸಮುದಾಯವೂ ಯೋಚಿಸಬೇಕು. ಹಕ್ಕು ಕೇಳುವಾಗ ನಮ್ಮೊಳಗಿನ ದುರ್ಬಲರ ಹಕ್ಕನ್ನು ಮರೆಯುವ ಹಾಗಿಲ್ಲ.

ಎಡವಿದ ಕಡೆಗಳು

ಜಾನ್ಸನ್‌ರನ್ನು ಫರಿಶ್ತೆ ಮಾಡುವುದು ಬೇಡ. 1957ರಲ್ಲಿ ಟಸ್ಕೀಗಿಯ ಕಪ್ಪು ಮತದಾರರನ್ನು ಹೊರಗಿಡಲು ಚೌಕವಾಗಿದ್ದ ಊರಿನ ಗಡಿಯನ್ನು 28 ಬದಿಗಳ ವಿಚಿತ್ರ ಆಕಾರಕ್ಕೆ ಕತ್ತರಿಸಿದರು. ಆ ದಾವೆಯನ್ನು ಅವರು, ಗಡಿ ಗೆರೆ ಎಳೆಯುವುದು ಶಾಸಕಾಂಗದ ಕೆಲಸ, ನನ್ನ ಅಧಿಕಾರದಲ್ಲಿಲ್ಲ ಎಂದು ವಜಾ ಮಾಡಿದ್ದರು. 1960ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ತಿರುಗಿಸಿತು. 1961ರಲ್ಲಿ ಫ್ರೀಡಂ ರೈಡರ್ಸ್ ಮೇಲೆ ಹಲ್ಲೆಯಾದಾಗ ಕ್ಲಾನ್ ಮತ್ತು ಪೊಲೀಸರನ್ನು ತಡೆದರು ನಿಜ, ಆದರೆ ಆ ಪ್ರಯಾಣ ನಡೆಸಿದವರ ಮೇಲೂ ಸ್ವಲ್ಪ ದಿನ ತಡೆಯಾಜ್ಞೆ ಹಾಕಿದರು. ಹೋರಾಟಗಾರರು ಅವರನ್ನು ತಮ್ಮ ಪಕ್ಷದವರೆಂದು ತಿಳಿದಿರಲಿಲ್ಲ, ಅವರೂ ಹಾಗೆ ನಡೆದುಕೊಳ್ಳಲಿಲ್ಲ. ಕಿಂಗ್ ಆಗಲಿ, ಗವರ್ನರ್ ಆಗಲಿ, ಆದೇಶ ಅಂದರೆ ಆದೇಶ. ಅವರ ತೀರ್ಪುಗಳಿಗೆ ತೂಕ ಬಂದದ್ದೇ ಹಾಗೆ.

1977ರಲ್ಲಿ ಅಧ್ಯಕ್ಷ ಕಾರ್ಟರ್ ಎಫ್‌ಬಿಐ ಮುಖ್ಯಸ್ಥರಾಗಿ ಅವರನ್ನು ಹೆಸರಿಸಿದರು, ಆರೋಗ್ಯ ಕೆಟ್ಟು ಹೋಗಲಾಗಲಿಲ್ಲ. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಸಿಕ್ಕಿತು. 1992ರಲ್ಲಿ ಮಾಂಟ್‌ಗೊಮೆರಿಯ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಅವರ ಹೆಸರಿಟ್ಟರು. 1995ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಬಂತು. 1999ರ ಜುಲೈ 23ರಂದು ತೀರಿಕೊಂಡರು.

ನಮಗೇನು ಪಾಠ?

ಒಬ್ಬ ಒಳ್ಳೆಯ ನ್ಯಾಯಾಧೀಶ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಪಾಠವಲ್ಲ. ಜಾನ್ಸನ್ ತಾವಾಗಿ ಯಾರ ಮನೆಯ ಬಾಗಿಲಿಗೂ ಹೋಗಿ ನ್ಯಾಯ ಕೊಡಲಿಲ್ಲ, ಕೊಡಲು ಸಾಧ್ಯವೂ ಇರಲಿಲ್ಲ. ಯಾರೋ ಅರ್ಜಿ ಹಾಕಿದರು. ಯಾರೋ ತಿರಸ್ಕೃತವಾದ ಅರ್ಜಿಯ ಕಾಗದ ಜೋಪಾನವಾಗಿ ಇಟ್ಟುಕೊಂಡಿದ್ದರು. 16 ವರ್ಷದ ಹುಡುಗಿಯೊಬ್ಬಳು ತುಂಬಿದ ಕೋರ್ಟಿನಲ್ಲಿ ನಿಂತು, ಹೆದರದೆ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಒಬ್ಬ ಯುವ ವಕೀಲ ಕೇಸು ಕಟ್ಟಿದ. ಆ ಗವಾಹಿ ಇರದಿದ್ದರೆ ಜಾನ್ಸನ್ ಮುಂದೆ ಬರೆಯಲು ಏನೂ ಇರುತ್ತಿರಲಿಲ್ಲ.

ಮುಂಬಯಿ, ಪುಣೆ, ಹೈದರಾಬಾದು, ದೆಹಲಿಯಲ್ಲಿ ಬಾಳುವ ನಾವು ಭಾಷೆಯಲ್ಲೂ ಅಲ್ಪಸಂಖ್ಯಾತರು, ಧರ್ಮದಲ್ಲೂ ಅಲ್ಪಸಂಖ್ಯಾತರು. ಬಾಡಿಗೆ ಕರಾರು, ಮತದಾರರ ಗುರುತು, ಮಕ್ಕಳ ದಾಖಲಾತಿ, ಯಾವುದಾದರೂ ಕಚೇರಿ ಕೊಟ್ಟ ಹಿಂಬರಹ, ಇವು ಬರೀ ಕಾಗದವಲ್ಲ, ನಾಳೆಯ ಸಾಕ್ಷಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ತಾರೀಖು ಬರೆದಿಡಿ. ಮಕ್ಕಳಲ್ಲಿ ಒಬ್ಬರಾದರೂ ಕಾನೂನು ಓದಲಿ. ನ್ಯಾಯಾಧೀಶರು ಎಂಥವರು ಸಿಗುತ್ತಾರೋ ಅದು ನಮ್ಮ ಕೈಯಲ್ಲಿಲ್ಲ. ಆದರೆ ಒಳ್ಳೆಯವರು ಸಿಕ್ಕ ದಿನ ಅವರ ಮುಂದೆ ಇಡಲು ನಮ್ಮ ಕೈಯಲ್ಲಿ ಸತ್ಯದ ದಾಖಲೆ ಇರಬೇಕು. ಅಷ್ಟು ಕೆಲಸ ನಮ್ಮದೇ.